ಕಲ್ಲುಗುಡ್ಡದಲ್ಲಿ ಎರಡು ಬಿಡಾರ

ನಮ್ಮ ತಾಯಿಯವರಿಗೆ ತವರಿನಿಂದ ಬಂದ ಆರು ಎಕರೆ ಕಲ್ಲುನೆಲಕ್ಕೆ ಬೆಲೆ ಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿದ್ದಿಲ್ಲ. ಶಿರಹಟ್ಟಿ ತಾಲೂಕಿನಲ್ಲಿ, ಕಡಕೋಳದಿಂದ ಮುಂದೆ, ಕಪ್ಪತಗುಡ್ಡದ ಸೆರಗಿಗೆ ಹತ್ತಿಕೊಂಡೇ ಆ ಹೊಲವಿರುವದು. ಸೋದರಮಾವನವರು ಮಕ್ಕಳಿಲ್ಲದೆ ತೀರಿಕೊಂಡ ಬಳಿಕ ಅದು ತಾಯಿಯವರ ಹೆಸರಿಗೆ ಬಂದಿತು. ಮಳೆ ಚೆನ್ನಾಗಿ ಆದ ವರ್ಷ ನಾಲ್ಕು ಚೀಲ ಶೇಂಗಾ, ಒಂದಿಷ್ಟು ಹೆಸರು. ಆಗದ ವರ್ಷ ಬರೀ ಕಲ್ಲು. ಹೊಲದ ಮೂಲೆಯಲ್ಲಿ ಒಂದು ಹೊಂಡ, ಹೊಂಡದ ದಂಡೆಗೆ ಹುಣಸೆಯ ಮರ, ಅದರ ಆಚೆಗೆ ಮಾವನವರು ಕಟ್ಟಿಸಿದ ಎರಡು ಅಂಕಣದ ಮಾಳಿಗೆಯ ಮನೆ, ಇಷ್ಟೇ ಅಲ್ಲಿಯ ಸಂಪತ್ತು. ಲಕ್ಷ್ಮೇಶ್ವರದಲ್ಲಿ ನೆಲಸಿದ ನಾವು ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಹೋಗಿ ಚರಗ ಚೆಲ್ಲಿ, ಹುಣಸೆಯ ನೆರಳಿನಲ್ಲಿ ಉಂಡು, ಸಂಜೆಯಾಗುವದರೊಳಗಾಗಿ ಮನೆ ಸೇರುತ್ತಿದ್ದೆವು. ಒಂದು ರಾತ್ರಿಯನ್ನಾದರೂ ಅಲ್ಲಿ ಕಳೆದವರಲ್ಲ.

ಹೀಗಿರಲು ದೀಪಾವಳಿಯ ನಂತರ ಒಂದು ದಿನ ಬೆಂಗಳೂರಿನ ಗೃಹಸ್ಥರೊಬ್ಬರು ಮೋಟಾರಿನಲ್ಲಿ ನಮ್ಮ ಮನೆಗೆ ಬಂದರು. ಒಳ್ಳೆಯ ಮಾತಿನ, ಒಳ್ಳೆಯ ನಡತೆಯ ಮನುಷ್ಯರು. ಅಭಯಾರಣ್ಯದ ಅಂಚಿನಲ್ಲಿ ಪ್ರವಾಸಿಗಳು ತಂಗುವ ಸಫಾರಿ ಲಾಡ್ಜು ಕಟ್ಟಬೇಕೆಂದು ಅವರ ಹಂಬಲ. ಅದಕ್ಕೆ ನಮ್ಮ ಹೊಲ ಬೇಕು. ತಮ್ಮ ಫೋನಿನಲ್ಲಿ ಅವರು ಆಫ್ರಿಕಾದ ಜಿಂಬಾಬ್ವೆ ದೇಶದ ಮಟೋಬೊ ಗುಡ್ಡಗಳ ಚಿತ್ರಗಳನ್ನು ತೋರಿಸಿದರು. ದೈತ್ಯರು ಒಟ್ಟಿದಂತಿರುವ ಗುಂಡುಬಂಡೆಗಳು. ಬಂಡೆಗಳ ಸಂದಿನಲ್ಲಿಯೇ ಕಲ್ಲಿನ ಗೋಡೆ, ಹುಲ್ಲಿನ ಮಾಡು ಹಾಕಿ ಕಟ್ಟಿದ ಕೋಣೆಗಳು. ಜಗಲಿಯ ಮೇಲೆ ಕುರ್ಚಿ, ಕುರ್ಚಿಯ ಮುಂದೆ ನೀರಿನ ಹೊಂಡ. ಆ ಗುಡ್ಡಗಳು ೨೦೦೩ರಲ್ಲಿ ಜಗತ್ತಿನ ಪಾರಂಪರಿಕ ತಾಣಗಳ ಪಟ್ಟಿಯಲ್ಲಿ ಸೇರಿದವಂತೆ. ಅಲ್ಲಿ ಚಿರತೆಗಳುಂಟು, ಘೇಂಡಾಮೃಗಗಳುಂಟು, ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಜನರು ಬರೆದ ಚಿತ್ರಗಳುಂಟು. “ನಿಮ್ಮ ಗುಡ್ಡವೇನು ಕಡಿಮೆಯೇ?” ಎಂದು ಅವರು ಕೇಳಿದಾಗ ನಮಗೂ ಎದೆಯುಬ್ಬಿತು. ಎಪ್ಪತ್ತು ಗಿರಿ ಸುತ್ತುವದಕ್ಕಿಂತ ಕಪ್ಪತಗಿರಿಯೊಂದನ್ನು ನೋಡಿದರೆ ಸಾಕೆಂದು ನಮ್ಮ ಹಿರಿಯರು ಸುಮ್ಮನೆ ಅಂದರೆ? ಆ ಮಟೋಬೊದಲ್ಲಿ ತಲೆತಲಾಂತರದಿಂದ ದನ ಕಾಯುತ್ತಿದ್ದ ಜನರನ್ನು ೧೯೬೦ರ ದಶಕದಲ್ಲಿ ಉದ್ಯಾನದ ಹೊರಗೆ ಕಳಿಸಿದರೆಂಬ ಸಂಗತಿಯನ್ನು ನಾವು ಆಮೇಲೆ ಓದಿ ತಿಳಿದೆವು. ಆ ದಿನ ಚಿತ್ರಗಳಲ್ಲಿ ಅದು ಕಾಣಲಿಲ್ಲ.

ಅವರು ಹೇಳಿದ ಬೆಲೆಯನ್ನು ಇಲ್ಲಿ ಬರೆಯುವದು ಬೇಡ. ಆ ಹೊಲವು ನೂರು ವರ್ಷ ಬೆಳೆದರೂ ಅಷ್ಟನ್ನು ಕೊಡಲಾರದು. ನಮ್ಮ ತಮ್ಮನ ಮಗಳು ಅದೇ ವರ್ಷ ವೈದ್ಯಕೀಯ ಶಿಕ್ಷಣಕ್ಕೆ ಸೇರಿದ್ದಳು. ಅದರ ಖರ್ಚಿನ ಲೆಕ್ಕ ಮಾಡಿ ಮಾಡಿ ತಮ್ಮನ ಕೂದಲು ಬೆಳ್ಳಗಾಗಿತ್ತು. ಆದುದರಿಂದ ಮಾರಬೇಕೆಂಬ ಆಶೆ ತಮ್ಮನಿಗೆ ಮಾತ್ರವಲ್ಲ, ನಮಗೂ ಬಲವಾಗಿಯೇ ಇದ್ದಿತೆಂಬದನ್ನು ವಾಚಕರಿಂದ ಮುಚ್ಚಿಡುವದಿಲ್ಲ. ತಾಯಿಯವರು ಮಾತ್ರ ಎಲ್ಲವನ್ನೂ ಕೇಳಿ, ಎಲೆ ಅಡಿಕೆಯನ್ನು ಮೆಲ್ಲುತ್ತ, “ಅದೇನು ಲಾಡ್ಜು ಅನ್ನೂದನ್ನ ಮೊದಲ ಕಣ್ಣಿಲೆ ನೋಡೂಣು. ನೋಡದ ಮನೀಗೆ ಹೆಣ್ಣು ಕೊಡೂದು ನಮ್ಮಲ್ಲೆ ಇಲ್ಲ,” ಎಂದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ತಾವೂ ಬರುವೆನೆಂದು ಹಟ ಹಿಡಿದರು.

ಮಟೋಬೊ ನಮಗೆ ದೂರ. ಆದರೆ ಅದರ ತಂಗಿಯೆನ್ನಬಹುದಾದ ಸೀಮೆ ಗದಗಿನಿಂದ ರೇಲ್ವೆಯ ಹಾದಿಯಲ್ಲಿಯೇ ಇರುವದು. ಕೊಪ್ಪಳ ದಾಟಿ ಹೊಸಪೇಟೆಯ ಕಡೆಗೆ ಗಾಡಿ ಸಾಗಿದಂತೆ ಎರೆಯ ಹೊಲಗಳು ಹಿಂದೆ ಬಿದ್ದು ಬಂಡೆಗಳ ರಾಜ್ಯ ಮೊದಲಾಗುವದು. ಅಲ್ಲಿ ಹಂಪೆಯ ನೆರೆಯ ಕಮಲಾಪುರದ ಬಳಿ ದರೋಜಿಯ ಕರಡಿಧಾಮವಿದೆ. ೧೯೯೪ರಲ್ಲಿ ಅದನ್ನು ಘೋಷಿಸಿದರು. ಆಮೇಲೆ ವಿಸ್ತರಿಸಿ ಈಗ ೮೨ ಚದರ ಕಿಲೋಮೀಟರುಗಳನ್ನು ಮೀರಿದೆ. ಕಾಡಿನ ವಸತಿಗಳನ್ನು ನಡೆಸಲೆಂದೇ ಸರಕಾರವು ೧೯೮೦ರಲ್ಲಿ ಒಂದು ಸಂಸ್ಥೆಯನ್ನು ಹುಟ್ಟಿಸಿತಷ್ಟೆ, ಅದರ ವಸತಿಯೊಂದು ಕಮಲಾಪುರದಲ್ಲಿಯೂ ಇದೆ. ಪುಷ್ಯಮಾಸದಲ್ಲಿ ನಾವು ತಾಯಿ, ಮಡದಿ, ಹತ್ತು ವರ್ಷದ ಮೊಮ್ಮಗ ಇವರೊಡನೆ ಎರಡು ರಾತ್ರಿ ಅಲ್ಲಿ ತಂಗಿದೆವು.

ಸಫಾರಿಯೆಂಬ ಶಬ್ದವನ್ನು ಕುರಿತು ಒಂದು ಮಾತು. ಅದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯದು. ಅರ್ಥ ಬರಿಯ ಪ್ರಯಾಣ. ಆ ಭಾಷೆಗೆ ಅದು ಅರಬ್ಬಿಯಿಂದ ಬಂದಿತು. ನಮ್ಮ ರೇಲ್ವೆ ಸ್ಟೇಶನ್ನಿನ ಮುಸಾಫರಖಾನೆಯಲ್ಲಿ ಗಂಟು ತಲೆದಿಂಬು ಮಾಡಿಕೊಂಡು ಮಲಗುವ ಮುಸಾಫರನೂ ಅದೇ ಬಳ್ಳಿಯ ಕಾಯಿ. ಇದನ್ನು ತಾಯಿಯವರಿಗೆ ಹೇಳಲು, “ಹಂಗಾರ ಇದು ದೊಡ್ಡವರ ಮುಸಾಫರಖಾನಿ ಅನ್ನು,” ಎಂದು ನಕ್ಕರು.

ಆ ಮುಸಾಫರಖಾನೆಯನ್ನು ನಾವು ಹಳಿಯುವಂತಿಲ್ಲ. ಬಿಸಿನೀರಿತ್ತು, ಅಚ್ಚ ಬಿಳಿಯ ಹಾಸಿಗೆಯಿತ್ತು, ಕೋಣೆಯ ಮುಂದೆ ಜಗಲಿಯಿತ್ತು. ಜಗಲಿಯಲ್ಲಿ ಕುಳಿತರೆ ನಸುಗೆಂಪಿನ ಬಂಡೆಗಳು ಸಂಜೆಯ ಬಿಸಿಲನ್ನು ಹೊತ್ತುಹೊತ್ತಿಗೆ ಬಣ್ಣ ಬದಲಿಸಿ ತೋರಿಸುತ್ತಿದ್ದವು. ಮಧ್ಯಾಹ್ನದ ಮೇಲೆ ಜೀಪಿನಲ್ಲಿ ಕೂಡಿಸಿಕೊಂಡು ಕರಡಿಕಲ್ಲು ಗುಡ್ಡದ ಎದುರಿನ ಅಟ್ಟಣಿಗೆಗೆ ಕರೆದೊಯ್ದರು. ಎದುರಿನ ಬಂಡೆಗಳ ಮೇಲೆ ಅರಣ್ಯದವರು ಬೆಲ್ಲ, ಜೇನು ಕಲಸಿದ ಪಾಕವನ್ನು ಸವರಿಟ್ಟಿರುತ್ತಾರೆ. ಮಾತನಾಡಬಾರದು; ಕೆಮ್ಮು ಬಂದರೆ ನುಂಗಬೇಕು. ನವಿಲು ಬಂದವು, ಮುಂಗಲಿ ಬಂದವು. ಹೊತ್ತು ಇಳಿಯುತ್ತಿರಲು ಮೇಲಿನ ಒಂದು ಗವಿಯ ಬಾಯಲ್ಲಿ ಕರಿಯ ಮುದ್ದೆಯೊಂದು ಅಲುಗಿತು. ಹೆಣ್ಣು ಕರಡಿ! ಬೆನ್ನಿನ ಮೇಲೆ ಎರಡು ಮರಿಗಳು, ಉದ್ದ ಕೂದಲನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದವು. ಬಂಡೆಯಿಂದ ಬಂಡೆಗೆ ಅದು ಹಿಮ್ಮುಖವಾಗಿ ಜಾರುತ್ತ ಇಳಿದು ಬಂದ ರೀತಿಯು, ಏಣಿಯಿಂದ ಇಳಿಯುವ ನಮ್ಮ ಊರಿನ ದಪ್ಪ ಸಾವುಕಾರರೊಬ್ಬರನ್ನು ನೆನಪಿಗೆ ತಂದಿತು. ಬಂಡೆಯನ್ನು ನೆಕ್ಕುವ ಸಪ್ಪಳ ನಮಗೆ ಕೇಳಿಸಿತೋ, ಕೇಳಿಸಿದಂತೆ ತೋರಿತೋ! ಈ ಜಾತಿಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿರುವದಿಲ್ಲ. ಆ ಸಂದಿನಿಂದ ಗೆದ್ದಲನ್ನು ಹುತ್ತದೊಳಗಿಂದ ಹೀರಿಕೊಳ್ಳುವದು. ದೇವರು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಹಲ್ಲು ಕೊಟ್ಟಿರುವನು.

ತಾಯಿಯವರು ದುರ್ಬೀನನ್ನು ಮೊಮ್ಮಗನ ಕೈಯಿಂದ ಕಸಿದುಕೊಂಡು ಬಹಳ ಹೊತ್ತು ನೋಡಿದರು. ಅವರು ಚಿಕ್ಕವರಿದ್ದಾಗ ಕಲಂದರರು ಮೂಗುದಾರ ಹಾಕಿದ ಕರಡಿಯನ್ನು ಊರಿಗೆ ತರುತ್ತಿದ್ದರಂತೆ. ಅಂಜಿದ ಕೂಸಿನ ಕೊರಳಿಗೆ ಅದರ ಕೂದಲಿನ ತಾಯಿತ ಕಟ್ಟುತ್ತಿದ್ದರಂತೆ. “ನನಗೂ ಕಟ್ಟಿದ್ದರು. ಆಗ ಅದರ ಮಾರಿ ನೋಡಿದ್ದಿಲ್ಲ, ಬರೇ ಮೂಗಿನ ರಕ್ತಾ ನೋಡಿದ್ದೆ,” ಎಂದು ರಾತ್ರಿ ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದರು.

ನಮ್ಮನ್ನು ಕರೆದೊಯ್ದ ಮಾರ್ಗದರ್ಶಕನು ಆ ಸೀಮೆಯ ರೈತನ ಮಗನೇ. ಕಾಡಿನ ವಸತಿಯಿಂದ ತನ್ನ ಮನೆಗೆ ತಿಂಗಳ ಪಗಾರ ಬರುವದೆಂದು ಸಂತೋಷದಿಂದ ಹೇಳಿದನು. ಮೊಮ್ಮಗನು, “ಕರಡಿ ಯಾರನ್ನಾದರೂ ಕಡಿದಿದೆಯೇ?” ಎಂದು ಕೇಳಲು ಅವನು ಸ್ವಲ್ಪ ತಡೆದು, ಶೇಂಗಾದ ಹೊಲಕ್ಕೆ ನಸುಕಿನಲ್ಲಿ ಹೋದವರಿಗೆ ಆಗಾಗ ಗಾಯವಾಗುವದುಂಟೆಂದೂ, ತನ್ನ ದೊಡ್ಡಪ್ಪನ ಒಂದು ಕಣ್ಣು ಹಾಗೆಯೇ ಹೋಯಿತೆಂದೂ ಹೇಳಿದನು. ಅದನ್ನು ಹೇಳುವಾಗ ಅವನ ಮುಖದಲ್ಲಿ ಕರಡಿಯ ಮೇಲೆ ಸಿಟ್ಟೇನೂ ಕಾಣಲಿಲ್ಲ. ಆದರೆ ಅಟ್ಟಣಿಗೆಯಲ್ಲಿ ಕುಳಿತಷ್ಟು ಹೊತ್ತೂ ಆ ಕಣ್ಣಿನ ಸುದ್ದಿ ನಮಗೆ ತಿಳಿದಿರಲಿಲ್ಲವೆಂಬದು ಮನಸ್ಸಿನಲ್ಲಿ ಕೊರೆಯತೊಡಗಿತು.

ತಿರುಗಿ ಬರುವಾಗ ಗಾಡಿಯಲ್ಲಿ ತಾಯಿಯವರು, “ಛಲೋ ಮನಿ. ಹುಡುಗೀನ ಕೊಡಬಹುದು,” ಎಂದರು. ನಮ್ಮ ಎದೆ ಹಗುರಾಯಿತು. ಅಷ್ಟರಲ್ಲಿ ಅವರೇ ಮುಂದುವರಿದು, “ಆದರ ಹುಡುಗೀನ್ನೂ ಒಂದು ಮಾತು ಕೇಳಬೇಕಲ್ಲ. ನಮ್ಮ ಹೊಲದಾಗೂ ಒಂದು ರಾತ್ರಿ ಮಲಗೂಣು,” ಎಂದರು.

ಹೀಗೆ ಭಾರತ ಹುಣ್ಣಿಮೆಯ ಹಿಂದಿನ ದಿನ ನಾವು ಎರಡನೆಯ ಬಿಡಾರಕ್ಕೆ ಹೊರಟೆವು. ದಾರಿಯಲ್ಲಿ ಮಾಗಡಿಯ ಕೆರೆಯ ಬಳಿ ಮೋಟಾರು ನಿಲ್ಲಿಸದಿದ್ದರೆ ಮೊಮ್ಮಗನು ಬಿಡುವ ಹಾಗಿರಲಿಲ್ಲ. ಹಿಮಾಲಯವನ್ನು ದಾಟಿ ಮಂಗೋಲಿಯದ ಕಡೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇನ್ನೂ ಹೋಗಿರಲಿಲ್ಲ. ಈ ಕೆರೆಯು ೨೦೨೪ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿಗೆ ಪರಿಚಿತವಾಯಿತು. ಹಕ್ಕಿಗಳೋ, ಹಗಲು ಕೆರೆಯಲ್ಲಿ ತೇಲಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನವರ ಹೊಲಗಳಿಗೆ ಮೇಯಲು ಹೋಗುತ್ತವೆ. ದಂಡೆಯ ಮೇಲೆ ಕುಳಿತಿದ್ದ ರೈತನೊಬ್ಬನು, “ಬೀಗರು ಬಂದ್ರ ಉಣ್ಣಲಾರದ ಹೋಗತಾರೇನ್ರಿ?” ಎಂದನು. ಅವನ ಹೊಲ ಎಲ್ಲಿಯದೆಂದು ಕೇಳಿದೆವು, ಕೆರೆಯ ಹಿಂದೆಯೇ.

ಗುಡ್ಡದ ಬುಡವನ್ನು ಮುಟ್ಟಿದಾಗ ಮೂರು ಗಂಟೆ. ಕಮಲಾಪುರದ ಬಂಡೆಗಳನ್ನು ನೋಡಿ ಬಂದ ಕಣ್ಣಿಗೆ ನಮ್ಮ ಗುಡ್ಡ ಬೇರೆಯೇ ಕಂಡಿತು. ಅಲ್ಲಿಯದು ಗಟ್ಟಿ ಗ್ರಾನೈಟಿನ ಗುಂಡು. ಇಲ್ಲಿಯದು ಕಬ್ಬಿಣ ತುಂಬಿದ ಪದರುಕಲ್ಲು, ಕೆಂಪು ಕಂದು ಬಣ್ಣದ್ದು, ಒಡೆದರೆ ಪುಸ್ತಕದ ಹಾಳೆಯಂತೆ ಬಿಚ್ಚುವದು. ಏರಿನ ಮೇಲೆಲ್ಲ ಆಳೆತ್ತರದ ಬಾದೆಹುಲ್ಲು ಒಣಗಿ ಹಳದಿಯಾಗಿತ್ತು. ಕೈಯಲ್ಲಿ ತಿಕ್ಕಿದರೆ ನಿಂಬೆಯ ಪರಿಮಳ, ಕಿಡಿ ಬಿದ್ದರೆ ಇಡಿಯ ಗುಡ್ಡ ಉರಿಯುವದು. ಬೆನ್ನೇಣಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಾವನವರ ಮನೆಯ ಕದ ಬಡಿದು ತೆಗೆಯಬೇಕಾಯಿತು. ಬಿಸಿನೀರಿಲ್ಲ, ದೀಪವಿಲ್ಲ, ಒಳಗೆ ಬಾವಲಿಯ ವಾಸನೆ. ನಮ್ಮ ಮಡದಿಯವರು ಒಂದು ಮಾತನ್ನೂ ಆಡದೆ ಕಸಬರಿಗೆ ಹಿಡಿದರು. ಆ ಮೌನದ ಅರ್ಥವನ್ನು ಗೃಹಸ್ಥರಾದ ವಾಚಕರು ಬಲ್ಲರು.

ಹೊಲದಲ್ಲಿ ಕುರಿಗಳಿದ್ದವು. ಪ್ರತಿ ವರ್ಷ ರಾಶಿಯಾದ ಮೇಲೆ ಕುರುಬರ ಅಜ್ಜನೊಬ್ಬನು ಅಲ್ಲಿ ಮಂದೆಯನ್ನು ತಂಗಿಸುವನು; ಹೊಲಕ್ಕೆ ಗೊಬ್ಬರ, ಅವನಿಗೆ ಕಾಳು, ಮಾವನವರ ತಂದೆಯ ಕಾಲದಿಂದಲೂ ಇದೇ ಕರಾರು. ನೀರಿಗೆ ನಮ್ಮ ಹೊಂಡ. ಅವನ ಎರಡು ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿಗಳು. ಚಿರತೆಯು ನಾಯಿಯನ್ನು ಹಿಡಿಯುವದು ಕುತ್ತಿಗೆಗೇ ಅಷ್ಟೇ. ಮೂರನೆಯ ನಾಯಿಯೆಲ್ಲಿ ಎಂದು ತಾಯಿಯವರು ಕೇಳಲು ಅಜ್ಜನು, “ಅದಕ್ಕ ಪಟ್ಟಿ ಮಾಡಸೂದು ತಡಾ ಆತ್ರೆವ್ವ,” ಎಂದು ಗುಡ್ಡದ ಕಡೆ ನೋಡಿದನು. ಹೋದ ಬೇಸಗೆಯಲ್ಲಿ ತೋಳವು ಮೂರು ಮರಿಗಳನ್ನು ಒಯ್ದಿತ್ತು. ಸತ್ತ ಕುರಿಗೆ ಸರಕಾರದ ಪರಿಹಾರ ದೊರೆಯುವದುಂಟು. ಆದರೆ ಮರಿಯನ್ನು ಎತ್ತಿಕೊಂಡೇ ಹೋದರೆ ತೋರಿಸುವದೇನನ್ನು?

ರಾತ್ರಿ ನಾವೆಲ್ಲರೂ ಮಾಳಿಗೆಯ ಮೇಲೆ ಕಂಬಳಿ ಹಾಸಿ ಮಲಗಿದೆವು. ಬೆಳದಿಂಗಳು ಹೊಂಡದಲ್ಲಿ ಬಿದ್ದು ಹಾಲು ಚೆಲ್ಲಿದಂತಿತ್ತು. ಮೊದಲು ನರಿಗಳು ಕೂಗಿದವು. ಕುರಿಗಳು ಒಂದನ್ನೊಂದು ಒತ್ತಿಕೊಂಡವು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗಾಳಿಯಂತ್ರಗಳ ಉಸಿರಿನಂತಹ ಸಪ್ಪಳ, ಅಜ್ಜನ ಕೆಮ್ಮು. ಸರಿರಾತ್ರಿ ದಾಟಿರಬೇಕು, ನಾಯಿಗಳು ಎದ್ದು ನಿಂತವು. ಅಜ್ಜನು ಬಾಯಿಯಿಂದ ಸಣ್ಣದೊಂದು ಸದ್ದು ಮಾಡಿದ ಕೂಡಲೆ ಕುಳಿತವು. ಹುಣಸೆಯ ನೆರಳಿನಿಂದ ಒಂದು ಮೃಗ ಹೊರಗೆ ಬಂದಿತು. ಮುಂದೆ ಎತ್ತರ, ಹಿಂದೆ ತಗ್ಗು. ಬೆನ್ನಿನ ಮೇಲೆ ಜೂಲು. ಒಂದು ಕಾಲು ಕುಂಟುತ್ತಿತ್ತು. ಕತ್ತೆಕಿರುಬ! ಮೊಮ್ಮಗನು ನಮ್ಮ ತೋಳನ್ನು ಹಿಡಿದುಕೊಂಡನು. ಅದು ನೀರಿನ ಅಂಚಿಗೆ ಬಂದು, ನಿಂತು, ತಲೆಯನ್ನೆತ್ತಿ ನಮ್ಮ ಮಾಳಿಗೆಯ ಕಡೆಗೇ ನೋಡಿತು. ಕಮಲಾಪುರದಲ್ಲಿ ನಾವು ಮೃಗವನ್ನು ನೋಡಿದ್ದೆವು. ಇಲ್ಲಿ ಅದೇ ನಮ್ಮನ್ನು ನೋಡುತ್ತಿತ್ತು.

ಆಗ ನಮ್ಮಿಂದ ಒಂದು ತಪ್ಪು ನಡೆದು ಹೋಯಿತು. ಹುಡುಗನಿಗೆ ಪಟ್ಟೆಗಳು ಸರಿಯಾಗಿ ಕಾಣಲೆಂದು ಬ್ಯಾಟರಿಯ ಬೆಳಕು ಬಿಟ್ಟೆವು. ಒಂದು ಕ್ಷಣ ಎರಡು ಕಣ್ಣು ಹಸುರಾಗಿ ಉರಿದವು. ಮರುಕ್ಷಣ ಹೊಂಡದ ದಂಡೆ ಬರಿದಾಗಿತ್ತು.

ಕೆಳಗಿನಿಂದ ಅಜ್ಜನ ದನಿ ಕೇಳಿಸಿತು. ಸಿಟ್ಟಿನದಲ್ಲ. “ದೀಪಾ ಯಾಕ ಹಾಕಿದ್ರಿ? ನೀರು ಕುಡದಿದ್ದಿಲ್ಲ ಅದು. ಇನ್ನ ಎರಡು ಹರದಾರಿ ನಡೀಬೇಕು, ಕುಂಟಕೋತ.” ಅವನು ಅದನ್ನು ಎಷ್ಟೋ ವರ್ಷಗಳಿಂದ ಬಲ್ಲನು. ಸತ್ತ ಕುರಿಯನ್ನು ಎಲುಬಿನ ಸಹಿತ ತಿಂದು ಜಾಗವನ್ನು ಹಸನು ಮಾಡುವದಂತೆ. ಹಿಂಡಿಗೆ ಎಂದೂ ಬಾಯಿ ಹಾಕಿದ್ದಿಲ್ಲವಂತೆ. ತೋಳದ ಮಾತು ಬೇರೆ; ಅದರ ಹೆಸರನ್ನು ರಾತ್ರಿ ತೆಗೆಯಬೇಡಿರೆಂದನು. “ಅವಕ್ಕೂ ಇದ ನೀರು, ನನ್ನ ಕುರಿಗೂ ಇದ ನೀರು. ಹೊತ್ತು ಬ್ಯಾರೆ ಬ್ಯಾರೆ, ಅಷ್ಟ.”

ನಮಗೆ ಆ ಮೇಲೆ ನಿದ್ದೆ ಹತ್ತಲಿಲ್ಲ. ಬೆಂಗಳೂರಿನ ಗೃಹಸ್ಥರು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ್ದು ಕುರ್ಚಿಯ ಮುಂದಿನ ಹೊಂಡವನ್ನಲ್ಲವೇ? ಅವರಿಗೆ ಬೇಕಾದದ್ದು ಆರು ಎಕರೆ ಕಲ್ಲಲ್ಲ, ಆ ನೀರು. ಬೇಲಿ ಬಂದರೆ ಅಜ್ಜನ ಕರಾರು ಹೋಯಿತು. ದೀಪ ಬಂದರೆ ಕುಂಟ ಮೃಗದ ಹಾದಿ ಎರಡು ಹರದಾರಿ ಬೆಳೆಯಿತು. ಇನ್ನೊಂದು ಯೋಚನೆ ಇದಕ್ಕಿಂತಲೂ ಇರಿಯಿತು. ಈ ನೆಲಕ್ಕೆ ಬೆಲೆ ಬಂದದ್ದು ಯಾರಿಂದ? ಇದೇ ಗುಡ್ಡದ ಸಾಲಿನ ಕಬಲಾಯತಕಟ್ಟಿಯಲ್ಲಿ ಬ್ರಿಟಿಷರ ಕಾಲದಲ್ಲಿಯೇ ಚಿನ್ನಕ್ಕಾಗಿ ಅಗೆದಿದ್ದರು. ೨೦೧೧ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ದೊಡ್ಡ ಉಕ್ಕಿನ ಕಾರಖಾನೆ ಬರುವದಿದ್ದಿತು; ರೈತರು ಎದ್ದು ನಿಂತುದರಿಂದ ಅದು ನಿಂತಿತು. ಕಪ್ಪತಗುಡ್ಡಕ್ಕೆ ೨೦೧೫ರಲ್ಲಿ ದೊರೆತ ಸಂರಕ್ಷಣೆಯನ್ನು ೨೦೧೬ರಲ್ಲಿ ಹಿಂತೆಗೆದಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳ್ತನದಲ್ಲಿ ಜನರು ೨೦೧೭ರ ಫೆಬ್ರುವರಿಯಲ್ಲಿ ಹಗಲಿರುಳು ಧರಣಿ ಕುಳಿತರು. ಅದೇ ವರ್ಷ ಸಂರಕ್ಷಣೆ ಮರಳಿ ಬಂದಿತು. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ೨೦೧೯ರಲ್ಲಿ ೨೪೪ ಚದರ ಕಿಲೋಮೀಟರು ವನ್ಯಜೀವಿಧಾಮವೆನಿಸಿತು. ಆ ಧರಣಿಯ ದಿನಗಳಲ್ಲಿ ನಾವು ಗದಗಿನಲ್ಲಿಯೇ ಒಂದು ಮದುವೆಗೆ ಹೋಗಿದ್ದೆವು. ಪೆಂಡಾಲಿನ ಮುಂದಿನಿಂದಲೇ ಹಾಯ್ದು ಊಟದ ಹೊತ್ತು ತಪ್ಪೀತೆಂದು ಅವಸರದಿಂದ ನಡೆದೆವು. ಕುಳಿತವರು ಉಳಿಸಿಕೊಟ್ಟದ್ದಕ್ಕೆ ನಾವು ಬೆಲೆ ಕಟ್ಟಿಸಿಕೊಳ್ಳುತ್ತಿದ್ದೆವು.

ಬೆಳಗಾದ ಮೇಲೆ ಹೊಂಡದ ಕೆಸರಿನಲ್ಲಿ ಅಜ್ಜನು ಹೆಜ್ಜೆಗಳನ್ನು ತೋರಿಸಿದನು. ನವಿಲಿನದು, ಮುಳ್ಳುಹಂದಿಯದು, ನಸುಕಿನಲ್ಲಿ ಬಂದು ಹೋದ ಯಾವದೋ ಗೊರಸಿನದು. ಕಿರುಬನ ಹೆಜ್ಜೆ ದಂಡೆಯವರೆಗೆ ಬಂದು ಹಿಂದಕ್ಕೆ ತಿರುಗಿತ್ತು. ತಾಯಿಯವರು ಕೋಲೂರಿಕೊಂಡು ಅಲ್ಲಿ ಬಹಳ ಹೊತ್ತು ನಿಂತರು.

ಗೃಹಸ್ಥರಿಗೆ ತಾಯಿಯವರೇ ಫೋನಿನಲ್ಲಿ ಹೇಳಿದರು: ಬೇಕಾದರೆ ಮೇಲಿನ ಎರಡು ಎಕರೆ ಕೊಳ್ಳಿರಿ, ಕೋಣೆ ಕಟ್ಟಿರಿ, ನಾಲ್ಕು ಜನಕ್ಕೆ ಕೆಲಸ ಕೊಡಿರಿ, ಹೊಂಡವನ್ನೂ ಹೊಂಡದ ಹಾದಿಯನ್ನೂ ಕೇಳಬೇಡಿರಿ, ರಾತ್ರಿ ದೀಪ ಹಾಕಬೇಡಿರಿ. ಅವರು ಸೌಜನ್ಯದಿಂದಲೇ ಕೇಳಿಕೊಂಡರು. ಎರಡು ದಿನ ಯೋಚಿಸಿ, ಹೊಂಡವಿಲ್ಲದೆ ಬಂದವರಿಗೆ ತೋರಿಸುವದೇನೂ ಇರಲಾರದೆಂದು ತಿಳಿಸಿ ಮಾತನ್ನು ಮುಗಿಸಿದರು. ಅವರ ಲೆಕ್ಕವೂ ತಪ್ಪೆಂದು ನಾವು ಹೇಳಲಾರೆವು.

ತಮ್ಮನ ಮಗಳ ಶಿಕ್ಷಣಕ್ಕಾಗಿ ನಾವು ಲಕ್ಷ್ಮೇಶ್ವರದ ನಮ್ಮ ಮನೆಯ ಮೇಲೆ ಸಾಲ ತೆಗೆದೆವು. ತಮ್ಮನು ಹಣವನ್ನು ತೆಗೆದುಕೊಂಡನು. ಆದರೆ ಯುಗಾದಿಗೆ ನಮ್ಮ ಮನೆಗೆ ಬರಲಿಲ್ಲ. ಕಲ್ಲಿಗೂ ಕಿರುಬನಿಗೂ ಅಣ್ಣನು ತನ್ನ ಮಗಳಿಗಿಂತ ಹೆಚ್ಚಿನ ಮರ್ಯಾದೆ ಕೊಟ್ಟನೆಂದು ಬೆಟಗೇರಿಯಲ್ಲಿ ನಮ್ಮ ತಂಗಿಯ ಮುಂದೆ ಅಂದನಂತೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಸಾಲ ತೀರಲು ಒಂಬತ್ತು ವರ್ಷ ಬೇಕು.

ಬೇಸಗೆ ಬಲಿಯುತ್ತಿದೆ. ತಾಯಿಯವರು ಎಂಟು ದಿನಕ್ಕೊಮ್ಮೆ ಅಜ್ಜನ ಮೊಮ್ಮಗನಿಗೆ ಫೋನು ಹಚ್ಚಿಸಿ, ಅಜ್ಜನನ್ನು ಕರೆಯಿಸಿ, ಒಂದೇ ಪ್ರಶ್ನೆ ಕೇಳುತ್ತಾರೆ.

“ಹೊಂಡದಾಗ ನೀರು ಅದಾವೇನಪಾ?”

“ಮೊಣಕಾಲ ಮಟಾ ಅದಾವ್ರೆವ್ವ.”

“ಕುಂಟಿ?”

“ನಿನ್ನೆ ಹೆಜ್ಜಿ ಇದ್ದೂ.”